ನೇಟೋದವ್ರು ಸೈತ ಎಲ್ಲಾರೂ ಒಂದ ಬಾಂಬ್ ಯಾಕ ತಗೊಳ್ಳಂಗಿಲ್ಲ? ನಮ್ಮದು ಖಿಚಡಿ ಅನ್ನೂದು ಖರೇ ಏನ್ರಿ?

ಗುಮ್ಮಟನಗರಿ_ಹುಡುಗ, ವಿಜಯಪುರ

ಎಲ್ಲಾರಿಗೂ ನಮಸ್ಕಾರ್ರೀ. ಡಿಫೆನ್ಸ್ ವಿಷಯ ತಿಳಿದವ್ರು ಯಾರರ ಇದ್ರ ಒಂದೀಟು ಬಿಡಿಸಿ ಹೇಳ್ರಿ. ನಿನ್ನಿ ಸಂಜಿಮುಂದ ಗಾಂಧಿ ಚೌಕದಾಗ ಚಾ ಕುಡಕೋತ ನಿಂತಾಗ ನಮ್ಮ ದೋಸ್ತನ ಜೋಡಿ ದೊಡ್ಡ ವಾದಾನ ಆತು. ಅಂವಾ ಅಂತಾನ, ನಮ್ಮ ವಾಯುಪಡೆಯವ್ರಿಗೆ ಒಂದು ಧೋರಣಿನ ಇಲ್ಲ, ಕಾರ್ಗಿಲ್‌ದಾಗ ಅಮೆರಿಕಾದ ಲೇಸರ್ ಕಿಟ್, ಬಾಲಾಕೋಟ್‌ಕ್ಕ ಇಸ್ರೇಲಿನ ಸ್ಪೈಸ್ ಬಾಂಬ್, 2025ರ ಮೇ ತಿಂಗಳದಾಗ ಫ್ರಾನ್ಸಿನ ಹ್ಯಾಮರ್ ಬಾಂಬ್ ಮತ್ತ ಸ್ಕಾಲ್ಪ್ ಕ್ಷಿಪಣಿ, ನಡುವ ರಷ್ಯಾದ್ದು ಬ್ಯಾರೆ, ಸಿಕ್ಕ ಸಿಕ್ಕ ಅಂಗಡಿಯಾಗ ಸಂತಿ ಮಾಡಿಧಂಗ ಮಾಡ್ಯಾರ, ಅದೇ ನೇಟೋದವ್ರನ್ನ ನೋಡು ಎಲ್ಲಾರೂ ಒಂದ ಥರಾ ತಗೋತಾರ ಅಂತ.

ಮನಿಗೆ ಬಂದು ಹುಡುಕಿ ನೋಡಿದ್ರ ಅಲ್ಲೂ ಹಂಗೇನಿಲ್ರಿ. ಬ್ರಿಟನ್ನಿಗೆ ಪೇವ್‌ವೇ-4 ಅಂತ ತನ್ನದ ಬಾಂಬ್, ಫ್ರಾನ್ಸಿಗೆ ಹ್ಯಾಮರ್, ಜರ್ಮನಿಗೆ ಟಾರಸ್ ಕ್ಷಿಪಣಿ, ಅದರ ಬಾಜೂಕನ ಬ್ರಿಟನ್ ಫ್ರಾನ್ಸ್ ಇಟಲಿಗೆ ಸ್ಟಾರ್ಮ್ ಶ್ಯಾಡೋ ಕ್ಷಿಪಣಿ. ಒಂದ ಒಕ್ಕೂಟದಾಗ ಇದ್ದೋರು ಒಂದ ನಮೂನಿ ಬಾಂಬ್ ಲಾಖಗಟ್ಟಲೆ ಮಾಡಿಸಿದ್ರ ಸೋವಿ ಬೀಳಂಗಿಲ್ಲೇನ್ರಿ? ಇನ್ನೊಂದು, ಬಾಂಬ್ ಅಂದ್ರ ಮೊಬೈಲ್ ಚಾರ್ಜರ್ ಥರ ಏನು, ಯಾವ ವಿಮಾನಕ್ಕ ಬೇಕಾದ್ರೂ ಚುಚ್ಚಬಹುದಾ? ದೋಸ್ತನ ಮುಂದ ನನ್ನ ಮಾನ ಉಳಸ್ರಿ.

ಸಾಂಬ್ರಾ_ಮಾಜಿ, ಬೆಳಗಾವಿ

ತಮ್ಮಾ, ಪ್ರಶ್ನಿ ಚೊಲೋ ಐತಿ. ನಾ 20 ವರ್ಷ ವಾಯುಪಡೆಯಾಗ ವೆಪನ್ ಫಿಟ್ಟರ್ ಆಗಿದ್ದಾಂವ. ಮೊದಲನೇ ಟ್ರೇನಿಂಗ್ ಸಾಂಬ್ರಾದಾಗ ಆಗಿತ್ತು, ರಿಟೈರ್ ಆದಮ್ಯಾಲ ಅಲ್ಲೇ ಹತ್ರ ಮನಿ ಕಟ್ಟಕೊಂಡು ಕುಂತೀನಿ. ಒಳಗಿನ ಮಾತು ಒಂದೂ ಹೇಳಂಗಿಲ್ಲ, ಊರಿಗೆಲ್ಲಾ ಗೊತ್ತಿದ್ದದ್ದಷ್ಟ ಹೇಳ್ತೀನಿ.

ಮೊದಲ ಒಂದು ತಿಳ್ಕೊ. ಬಾಂಬ್ ಬ್ಯಾರೆ, ಕಿಟ್ ಬ್ಯಾರೆ. ಅಮೆರಿಕಾದ ಮಾರ್ಕ್ 82 ಅಂತ ಐತಿ, 500 ಪೌಂಡಿಂದು, ಅಂದ್ರ 227 ಕೆಜಿ, ಅದರಾಗ ಮದ್ದು 87 ಕೆಜಿ ಅಷ್ಟ, ಉಳಿದಿದ್ದೆಲ್ಲಾ ದಪ್ಪ ಉಕ್ಕಿನ ಕವಚ. ಕಣ್ಣಿಲ್ಲ ಕಿವಿಯಿಲ್ಲ, ಬಿಟ್ರ ಬೀಳ್ತೈತಿ ಅಷ್ಟ. ಅದರ ಮೂತಿಗೆ ಒಂದು ಲೇಸರ್ ಕಣ್ಣು, ಹಿಂದ ಬಾಲಕ್ಕ ರೆಕ್ಕಿ ಕಟ್ಟಿದ್ರ ಪೇವ್‌ವೇ ಆತು. ಬಾಲಕ್ಕ ಜಿಪಿಎಸ್ ಡಬ್ಬಿ ಕಟ್ಟಿದ್ರ ಜೆಡ್ಯಾಮ್ ಆತು. ಒಳಗಿನ ಕಬ್ಬಣ ಅದ. ಹಂಗಾಗಿ ನಿಮ್ಮ ದೋಸ್ತ ನೋಡಿದ ಪಟ್ಟಿಯೊಳಗ ಅರ್ಧಕ್ಕರ್ಧ ಬ್ಯಾರೆ ಬ್ಯಾರೆ ಬಾಂಬ್ ಅಲ್ಲ, ಒಂದ ಕಬ್ಬಣಕ್ಕ ಹಾಕಿದ ಬ್ಯಾರೆ ಬ್ಯಾರೆ ತಲಿ.

ಲೇಸರ್‌ದು ಹೆಂಗ ಕೆಲಸ ಮಾಡ್ತೈತಿ ಅಂದ್ರ, ವಿಮಾನದ ಹೊಟ್ಟಿ ಕೆಳಗ ಒಂದು ಪಾಡ್ ಇರ್ತೈತಿ, ಅದು ಗುರಿ ಮ್ಯಾಲ ಕಣ್ಣಿಗೆ ಕಾಣಲಾರದ ಬೆಳಕ ಬಿಡ್ತೈತಿ, ಬಾಂಬ್ ಆ ಬೆಳಕಿನ ಹೊಳಪು ನೋಡಕೋತ ಇಳೀತೈತಿ. ಆದ್ರ ನಾಕು ವಿಮಾನ ಕೂಡಿ ಹೋದಾಗ ಯಾರ ಬೆಳಕ ಯಾರ ಬಾಂಬಿಗೆ? ಅದಕ್ಕ ಅಂತ ನಾಕು ಅಂಕಿ ಕೋಡ್ ಇರ್ತೈತಿ, ಬೆಳಕ ಎಷ್ಟು ಬೇಗ ಬೇಗ ಮಿಣಕಬೇಕು ಅನ್ನೂದರ ಲೆಕ್ಕ ಅದು. ಹಳೇ ಪೇವ್‌ವೇ ಕಿಟ್‌ದಾಗ ಆ ಕೋಡ್ ನೆಲದ ಮ್ಯಾಲ ಇದ್ದಾಗನ ಕೈಯಿಂದ ತಿರುಗಿಸಿ ಇಡಬೇಕು. ಪೈಲಟ್ ಪೇಪರ್‌ನ್ಯಾಗ ಒಂದು ಅಂಕಿ, ಬಾಂಬ್ ಮೂತಿ ಮ್ಯಾಲ ಇನ್ನೊಂದು ಅಂಕಿ ಆತಂದ್ರ ಅಷ್ಟೂ ಖರ್ಚು ಗ್ವಾಡಿಗೆ ಕಲ್ಲು ಒಗದಂಗ. ನಮ್ಮ ಒಬ್ಬ ಸೀನಿಯರ್ ಟಾರ್ಚ್ ಬಾಯಾಗ ಕಚ್ಚಿ ಹಿಡಕೊಂಡು ಆ ನಾಕು ಅಂಕಿ ಜೋರಾಗಿ ಓದಾಂವ, ಇನ್ನೊಬ್ಬ ಪೇಪರ್ ನೋಡಿ ಹೂಂ ಅನ್ನಬೇಕು, ಮೂರನೇದಾಂವ ಮತ್ತ ಓದಬೇಕು. ಬಾಯಾಗ ಟಾರ್ಚ್ ಇದ್ದದ್ದಕ್ಕ ಏಳು ಅಂದ್ರ ಏವು ಅಂತಿದ್ದ, ನಾವು ನಗೂದು, ಅಂವಾ ಬೈಯೂದು.

ಇನ್ನ ಯಾವ ವಿಮಾನಕ್ಕಾದ್ರೂ ಚುಚ್ಚಬಹುದಾ ಅನ್ನೂದು. ಇಲ್ಲ ತಮ್ಮಾ, ಅಲ್ಲೇ ಇರೂದು ಕಥಿ ಎಲ್ಲಾ. ರಾತ್ರಿ ಬರೀತೀನಿ, ಈಗ ಗ್ಯಾಸ್ ಸಿಲಿಂಡರ್ ಬಂದೈತಿ.

ಕೃಷ್ಣಾತೀರ_ರೈತ, ಜಮಖಂಡಿ

ಸಾಹೇಬ್ರ ಬರೂದ್ರಾಗ ನಾ ಒಂದು ಮಾತ ಕೇಳ್ತೀನಿ, ತಪ್ಪಿದ್ರ ತಿದ್ದ್ರಿ. ನಮ್ಮ ಟ್ರ್ಯಾಕ್ಟರ್ ಹಿಂದ ಮೂರು ಪಾಯಿಂಟ್ ಇರ್ತಾವು, ಕೆಳಗ ಎರಡು ತೋಳು ಮ್ಯಾಲ ಒಂದು. ಯಾವ ಕಂಪನಿ ಟ್ರ್ಯಾಕ್ಟರಿಗೆ ಯಾವ ಕಂಪನಿ ರೋಟರ್ ತಂದ್ರೂ ಪಿನ್ನು ಕೂಡ್ತಾವು, ಪಲ್ಟಿ ನೇಗಿಲನೂ ಕೂಡ್ತೈತಿ. ಜಗತ್ತಿನ ತುಂಬ ಅದ ಅಳತಿ. ರೈತರಿಗೆ ತಿಳಿದಿದ್ದು ನೇಟೋದವ್ರಿಗೆ ತಿಳೀಲಿಲ್ಲೇನ್ರಿ? ಅವ್ರೂ ಒಂದ ಅಳತಿ ಮಾಡಬೇಕಿತ್ತಲ್ಲ.

ಮತ್ತ ವಿಜಯಪುರದ ತಮ್ಮಗ ಒಂದು. ನಿಮ್ಮೂರಾಗ ಶೇರ್ಜಿ ಬುರುಜಿನ ಮ್ಯಾಲ ಮುಲುಕ್ ಮೈದಾನ್ ತೋಪು ಐತೆಲ್ಲ, 55 ಟನ್ನಿಂದು, ಅದೂ ಹೊರಗಿಂದ ಬಂದದ್ದ. 1549ರಾಗ ಅಹ್ಮದನಗರದಾಗ ಎರಕಾ ಹೊಯ್ದು ಆಮ್ಯಾಲ ಪರಾಂಡಾ ಕ್ವಾಟಿಯಿಂದ ಬಿಜಾಪುರಕ್ಕ ತಂದಾರ. ಆಗಿನ ಆದಿಲ್‌ಶಾಹಿಯವ್ರೂ ಸಿಕ್ಕ ಸಿಕ್ಕಲ್ಲೇ ತಂದೋರ ಅಂತ ನಿಮ್ಮ ದೋಸ್ತಗ ಹೇಳ್ರಿ 😄

ಸಾಂಬ್ರಾ_ಮಾಜಿ, ಬೆಳಗಾವಿ

ರೈತಪ್ಪಾರ, ಟ್ರ್ಯಾಕ್ಟರ್ ಉದಾಹರಣಿ ನೂರಕ್ಕ ನೂರು ಬರೋಬ್ಬರಿ. ನೇಟೋದವ್ರೂ ಅಳತಿ ಮಾಡ್ಯಾರ. ಬಾಂಬಿನ ಬೆನ್ನ ಮ್ಯಾಲ ಎರಡು ಕಬ್ಬಣದ ಕೊಂಡಿ ಇರ್ತಾವು, ಲಗ್ ಅಂತೀವಿ. ಅವೆರಡರ ನಡುವ ಅಂತರ 14 ಇಂಚು, ಭಾಳ ದೊಡ್ಡ ಬಾಂಬಿಗೆ 30 ಇಂಚು. ಇದು ಹಳೇ ಅಳತಿ, ಎಲ್ಲಾ ಪಶ್ಚಿಮದ ದೇಶಕ್ಕೂ ಒಂದ. ರಷ್ಯಾದ್ದು 250 ಮಿಲಿಮೀಟರ್, ಅವರ ಕೊಕ್ಕಿಗೆ ಇವರ ಬಾಂಬ್ ಕೂಡಂಗಿಲ್ಲ. ನಮ್ಮ ಕಡೆ ಎರಡೂ ನಮೂನಿ ವಿಮಾನ ಅದಾವು, ಅದು ಆಮ್ಯಾಲ.

ಆದ್ರ ಕೊಂಡಿ ಕೂಡಿದ್ರ ಕೆಲಸ ಮುಗೀಲಿಲ್ಲ. ನಿಮ್ಮ ರೋಟರಿಗೆ ಟ್ರ್ಯಾಕ್ಟರ್ ಜೋಡಿ ಮಾತಾಡೂದು ಬೇಕಿಲ್ಲ, ಶಾಫ್ಟ್ ತಿರಗಿದ್ರ ಸಾಕು. ಈ ಬಾಂಬಿಗೆ ಮಾತು ಬೇಕು. ವಿಮಾನ ಅದಕ್ಕ ಹೇಳಬೇಕು, ನಾ ಎಲ್ಲಿದೀನಿ, ಎಷ್ಟು ಸ್ಪೀಡ್‌ನ್ಯಾಗ ಅದೀನಿ, ಗುರಿ ಎಲ್ಲೈತಿ. ಬಾಂಬ್ ತಿರಗಿ ಹೇಳಬೇಕು, ನಾ ಎಚ್ಚರ ಅದೀನಿ, ಬ್ಯಾಟರಿ ಚೊಲೋ ಐತಿ ಅಂತ. ಅದಕ್ಕೂ ಸ್ಟ್ಯಾಂಡರ್ಡ್ ಐತಿ, ಮಿಲ್ ಸ್ಟ್ಯಾಂಡರ್ಡ್ 1760 ಅಂತಾರ, ಪ್ಲಗ್ ಒಂದ ಥರ, ವೈರಿನ ಲೆಕ್ಕ ಒಂದ ಥರ. ಪ್ಲಗ್ ಒಂದ ಆದ್ರೂ ಮಾತು ಒಂದ ಆಗಬೇಕಲ್ಲ, ಆ ಮಾತು ವಿಮಾನದ ಕಂಪ್ಯೂಟರಿನ ಸಾಫ್ಟ್‌ವೇರ್ ಒಳಗ ಬರೀಬೇಕು, ಅದನ್ನ ತಿದ್ದೂ ಹಕ್ಕು ವಿಮಾನ ಮಾಡಿದೋರ ಕೈಯಾಗ. ಅವ್ರು ಬರದ್ರ ಉಂಟು, ಇಲ್ಲಂದ್ರ ಇಲ್ಲ.

ಅದೂ ಮುಗೀತು ಅಂದಮ್ಯಾಲ ಒಗದು ನೋಡಬೇಕು. ಬಾಂಬ್ ವಿಮಾನದಿಂದ ಬಿಟ್ಟ ಕೂಡ್ಲೆ ಸೀದಾ ಕೆಳಗ ಬೀಳ್ತೈತಿ ಅಂತ ಎಲ್ಲಾರೂ ತಿಳೀತಾರ. ಹಂಗಿಲ್ಲ. ರೆಕ್ಕಿ ಕೆಳಗಿನ ಗಾಳಿ ಹಾವಿನ ಹೆಡಿ ಇದ್ದಂಗ, ಬಾಂಬನ್ನ ಎತ್ತಿ ತಿರಗಾ ವಿಮಾನದ ಹೊಟ್ಟಿಗೆ ಹೊಡಸಬಹುದು, ಬಾಜೂಕಿನ ಪೆಟ್ರೋಲ್ ಟ್ಯಾಂಕಿಗೆ ಬಡಿಬಹುದು. ಅದಕ್ಕಂತನ ಒಂದು ಸಣ್ಣ ಮದ್ದು ಸುಟ್ಟು ಪಿಸ್ಟನ್‌ಲೆ ಬಾಂಬನ್ನ ಕೆಳಗ ನೂಕ್ತಾರ. ಇಷ್ಟು ಸ್ಪೀಡ್, ಇಷ್ಟು ಎತ್ತರ, ಇಂಥಾ ರೆಕ್ಕಿಯ ಇಂಥಾ ಜಾಗಾ, ಬಾಜೂಕ ಇಂಥಾದ್ದು ತೂಗಿದಾಗ, ಹಿಂಗ ಒಂದೊಂದಕ್ಕೂ ಟೆಸ್ಟ್. ಇದು ತಿಂಗಳದ ಕೆಲಸ ಅಲ್ಲ, ಎಷ್ಟೋ ಸಲ ವರ್ಷಗಟ್ಟಲೆ ಹಿಡೀತೈತಿ. ಜೆಡ್ಯಾಮ್ ಕಿಟ್ ಒಂದಕ್ಕ 20-30 ಸಾವಿರ ಡಾಲರ್ ಆಸುಪಾಸು, ಅದೇನ್ ದೊಡ್ಡದಲ್ಲ, ಹೊಸಾ ವಿಮಾನಕ್ಕ ಅದನ್ನ ಕೂಡಸೂದರ ಖರ್ಚು ಕೇಳಿದ್ರ ತಲಿ ತಿರಗ್ತೈತಿ. ದೇಶದೇಶದೋರು ಬಾಂಬ್ ಯಾವ್ದು ಅಂತ ಜಗಳಾಡೂದಿಲ್ಲ ತಮ್ಮಾ, ಅದನ್ನ ತೂಗಹಾಕೂ ಹಕ್ಕು ಯಾರ ಕೈಯಾಗ ಇರಬೇಕು ಅಂತ ಜಗಳ.

2011ರಾಗ ನೇಟೋದವ್ರು ಲಿಬಿಯಾ ಮ್ಯಾಲ ಮಾಡಿದ ದಾಳಿ ನೋಡು. ಡೆನ್ಮಾರ್ಕ್ ಆರ ಆರು ಎಫ್-16 ವಿಮಾನ ಕಳಿಸಿ 900ಕ್ಕೂ ಮ್ಯಾಲ ಬಾಂಬ್ ಒಗೀತು, ಅಂಥಾ ಸಣ್ಣ ದೇಶ. 11 ವಾರ ಆಗೂದ್ರಾಗ ಅಮೆರಿಕಾದ ಆಗಿನ ರಕ್ಷಣಾ ಮಂತ್ರಿ ರಾಬರ್ಟ್ ಗೇಟ್ಸ್ ಬ್ರಸೆಲ್ಸ್‌ನ್ಯಾಗ ನಿಂತು ಎಲ್ಲಾರ ಮುಂದನ ಹೇಳಿದ್ರು, ಇಷ್ಟು ದೊಡ್ಡ ಒಕ್ಕೂಟ, ಅಂಥಾ ಸಣ್ಣ ಶತ್ರು, ಆದ್ರೂ ಭಾಳ ಮಂದಿ ಹತ್ರ ಮದ್ದುಗುಂಡು ಖಾಲಿ ಆಗಾಕ ಹತ್ಯಾವು, ಮತ್ತ ನಾವ ತುಂಬಿ ಕೊಡಬೇಕು ಅಂತ. ಅಂಥಾ ಹೊತ್ತಿನ್ಯಾಗ ಯಾರಿಗೆ ಅನುಕೂಲ ಅಂದ್ರ ಎಫ್-16 ಇದ್ದೋರಿಗೆ. ಡೆನ್ಮಾರ್ಕ್, ನಾರ್ವೆ, ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ನಾಕೂ ದೇಶ ಕೂಡಿ 1975ರಾಗ ಒಂದ ವಿಮಾನ ಆರಿಸ್ಕೊಂಡಿದ್ವು, ಅದಕ್ಕ ಒಬ್ಬರ ಬಾಂಬ್ ಇನ್ನೊಬ್ಬರ ರೆಕ್ಕಿಗೆ ಕೂಡ್ತೈತಿ. ರಫೇಲ್ ಇದ್ದೋರು ಅವರ ಗೋದಾಮಿಗೆ ಹೋಗಿ ಕೈ ಚಾಚಿದ್ರ ಉಪಯೋಗ ಇಲ್ಲ.

ಬಾಂಬ್ ಬಿಡು, ಎಣ್ಣಿ ಸೈತ ಕೂಡ್ಲಿಲ್ಲ. ಸ್ವೀಡನ್ ಆಗ ನೇಟೋದಾಗ ಇರ್ಲಿಲ್ಲ, 2024ರಾಗ ಸೇರ್ತು. ಅದ ಲಿಬಿಯಾ ಕೆಲಸಕ್ಕ ಅವರ ಗ್ರಿಪೆನ್ ವಿಮಾನ ಇಟಲಿಯ ಸಿಸಿಲಿಯೊಳಗಿನ ಸಿಗೊನೆಲ್ಲಾ ಬೇಸ್‌ಗೆ ಬಂದಿಳಿದ್ರ ಅಲ್ಲಿ ಇದ್ದದ್ದು ನೌಕಾಪಡೆಯವ್ರು ಬಳಸೂ ಜೆಪಿ-5 ಎಣ್ಣಿ, ಇವರಿಗೆ ಬೇಕಾಗಿದ್ದು ಬ್ಯಾರೆ. ಶುರುವಿಗೆ ಎಣ್ಣಿಗೇ ಒದ್ದಾಡಿದ್ರು. ನಮ್ಮ ಮನ್ಯಾಗ ಇದನ್ನ ಹೇಳಿದ್ರ ನಮ್ಮಾಕಿ, ಬೀಗರ ಮನಿಗೆ ಹೋಗೂಮುಂದ ಏನು ಅಡಗಿ ಅಂತ ಕೇಳಬೇಕಿಲ್ಲೇನು ಅಂದ್ಲು.

ಉದ್ಯಮಬಾಗ್_ಸಿಎನ್‌ಸಿ, ಬೆಳಗಾವಿ

ಸಾಂಬ್ರಾ ಕಾಕಾರ, ನಮಸ್ಕಾರ. ಟೆಸ್ಟ್ ಅಂದ್ರಲ್ಲ, ಅದರ ಜೋಡಿ ಬರೂ ಸರ್ಟಿಫಿಕೇಟಿನ ಉರಿ ನನಗ ಗೊತ್ತೈತಿ. ನಮ್ಮದು ಎರಡು ಸಿಎನ್‌ಸಿ ಮಶೀನಿನ ಸಣ್ಣ ಶಾಪ್, ಏರೋಸ್ಪೇಸ್ ಜಾಬ್ ವರ್ಕ್ ಆಗಾಗ ಬರ್ತೈತಿ. ಒಂದ್ಸಲ ಬ್ರ್ಯಾಕೆಟ್ ಜಾಬ್, 40 ಪೀಸ್, ಡ್ರಾಯಿಂಗ್ ಪ್ರಕಾರ ಒಂದು ಕೂದಲಿನಷ್ಟೂ ಫರಕ್ ಇಲ್ಲ, ಆದ್ರ ಕಚ್ಚಾ ಮಾಲಿನ ಹೀಟ್ ನಂಬರ್, ಅಂದ್ರ ಲೋಹ ಯಾವ ಬ್ಯಾಚಿಂದು ಅನ್ನೂ ಅಂಕಿ, ಪೇಪರ್‌ನ್ಯಾಗ ಒಂದು ಅಂಕಿ ತಪ್ಪಿತ್ತು. ಗಿರಾಕಿ 40ಕ್ಕ 40 ವಾಪಸ್ ಕಳಿಸಿದ. ನಾ ಅಂದೆ, ಸಾಹೇಬ್ರ ಪೀಸ್ ಅಳದು ನೋಡ್ರಿ, ಅವಾ ಅಂದ, ನಾ ಪೀಸ್ ತಗೊಳ್ಳೂದಿಲ್ಲ, ಪೇಪರ್ ತಗೋತೀನಿ, ಪೇಪರ್ ಜೋಡಿ ಪೀಸ್ ಫ್ರೀ ಬರ್ತೈತಿ ಅಂತ. ಆವತ್ತು ಸಿಟ್ಟು ಬಂದಿತ್ತು, ಈಗ ಅಂವಾ ಹೇಳಿದ್ದು ಖರೇ ಅನಸ್ತೈತಿ.

ಆದ್ರ ಕಾಕಾರ, ನೀವು ಒಂದು ಬಿಟ್ರಿ, ಫ್ಯಾಕ್ಟರಿ. ಫ್ರಾನ್ಸಿನವ್ರಿಗೆ ಜೆಡ್ಯಾಮ್ ತಗೊಳ್ಳೂದು ಸೋವಿ ಇತ್ತು, ಹ್ಯಾಮರ್ ಅದರ ಎಷ್ಟೋ ಪಟ್ಟು ತುಟ್ಟಿ. ಆದ್ರೂ ಯಾಕ ಮಾಡಿದ್ರು? ನಾಳೆ ಅಮೆರಿಕಾ ಒಲ್ಲೆ ಅಂದ್ರ ಏನ್ ಮಾಡೂದು ಅಂತ. ಮಾಡಿದ್ದು ಸುಮ್ನ ನಕಲು ಅಲ್ಲ ಮತ್ತ, ಹಿಂದ ಒಂದು ರಾಕೆಟ್ ಕೂಡಸ್ಯಾರ, ಮ್ಯಾಲಿಂದ ಬಿಟ್ರ 60-70 ಕಿಲೋಮೀಟರ್ ಹೋಗ್ತೈತಿ, ಕೆಳಗ ಹಾರೂಮುಂದನೂ ಬಿಡಬಹುದು. 2020ರಾಗ ಲಡಾಖ್ ಗದ್ದಲ ಶುರುವಾದಾಗ ನಮ್ಮವ್ರು ರಫೇಲ್‌ಗೆ ಅವಸರ ಮಾಡಿ ಇದನ್ನ ತಂದದ್ದು, ಅಂಥಾ ಗುಡ್ಡದ ಸಂದ್ಯಾಗ ಒಗೀಲಿಕ್ಕೆ ಅನುಕೂಲ.

ನಮಗೂ ಆ ಭಯ ಸುಮ್ನ ಹುಟ್ಟಿದ್ದಲ್ಲ. 1998ರ ಪೋಖ್ರಾನ್ ಆದಮ್ಯಾಲ ನಮ್ಮದ ತೇಜಸ್ ವಿಮಾನದ ಕೆಲಸಕ್ಕ ಅಮೆರಿಕಾದಾಗ ಇದ್ದ ನಮ್ಮ ಎಂಜಿನಿಯರ್‌ಗಳನ್ನ ಮನಿಗೆ ನಡೀರಿ ಅಂದ್ರು. ಬೆಂಗಳೂರಿಗೆ ಬಂದು ತಾವ ಮಾಡಿ 2001ರ ಜನವರಿ 4ಕ್ಕ ಹಾರಿಸಿದ್ರು, ಅದು ಬ್ಯಾರೆ ಮಾತು.

ಮತ್ತ ಜರ್ಮನಿದು ನೋಡ್ರಿ, ಉಲ್ಟಾ ಕಥಿ. ಅವರ ಹತ್ರ ತಮ್ಮದ ಟೈಫೂನ್ ವಿಮಾನ ಐತಿ. ಆದ್ರ ಅಮೆರಿಕಾದ ಬಿ-61 ಅಣುಬಾಂಬ್ ಹೊರೂ ಹಳೇ ಟೊರ್ನಾಡೋ ವಿಮಾನ ಮುದುಕ ಆಗ್ಯಾವು. ಟೈಫೂನ್‌ಗೆ ಆ ಬಾಂಬ್ ಕೂಡಸಬೇಕಂದ್ರ ಅಮೆರಿಕಾದವ್ರ ಕೈಯಾಗ ಸರ್ಟಿಫಿಕೇಟ್, ತಮ್ಮ ವಿಮಾನದ ಕಪಾಟು ಅವರ ಮುಂದ ತಗದು ತೋರಸಬೇಕು. 2022ರಾಗ ಸೀದಾ ಅಮೆರಿಕಾದ ಎಫ್-35 ವಿಮಾನ 35 ತಗೋತೀವಿ ಅಂದುಬಿಟ್ರು. ಬಾಂಬ್ ಸಲವಾಗಿ ವಿಮಾನ ತಂದಂಗ ಆತು. ಕುದುರಿ ಲಾಳಾ ಸಿಕ್ತು ಅಂತ ಕುದುರಿ ಕೊಂಡಂಗ ಅಂತ ನಗಬ್ಯಾಡ್ರಿ, ಇಲ್ಲಿ ಲಾಳಾನ ಮುಖ್ಯ.

ಬಾಗೇವಾಡಿ_ಫಿಸಿಕ್ಸ್, ಬಸವನಬಾಗೇವಾಡಿ

ಚರ್ಚಾ ಚಲೋ ನಡದದ, ಆದ್ರ ಎಲ್ಲಾರೂ ಬಾಂಬ್ ಹೇಳಿದಲ್ಲೇ ಬೀಳ್ತದ ಅಂತ ಹಿಡಕೊಂಡು ಮಾತಾಡ್ಲಿಕ್ಕತ್ತೀರಿ. ನಾ ಪಿಯು ಕಾಲೇಜಿನ್ಯಾಗ ಫಿಸಿಕ್ಸ್ ಹೇಳಾಕಿ, ನನಗ ಈ ವಿಷಯದಾಗ ಇರೋ ಆಸಕ್ತಿನ ಅದು. ಖಿಚಡಿಗೆ ಒಂದು ಕಾರಣ ಅಲ್ಲೇ ಅದ, ಒಂದೊಂದು ಕಣ್ಣು ಒಂದೊಂದು ಕಡೆ ಕುರುಡ.

ಲೇಸರ್‌ಗೆ ಮೋಡ ಆಗಿಬರಂಗಿಲ್ಲ, ಹೊಗಿ ಧೂಳು ಆಗಿಬರಂಗಿಲ್ಲ. ಸೀಕರ್, ಅಂದ್ರ ಬಾಂಬಿನ ಮೂತಿಯ ಕಣ್ಣಿನ್ಯಾಗ, ನಾಕು ಭಾಗದ ಡಿಟೆಕ್ಟರ್ ಇರ್ತದ, ಎಡಗಡೆ ಭಾಗಕ್ಕ ಬೆಳಕ ಹೆಚ್ಚಿಗಿ ಬಿದ್ರ ಎಡಕ್ಕ ತಿರಗು, ಅಷ್ಟ. ಪೇವ್‌ವೇ-2ರಾಗಂತೂ ರೆಕ್ಕಿ ಒಂದೀಟು ತಿರಗಸೂದು ಅಂತಿಲ್ಲ, ತಿರಗಿದ್ರ ಪೂರ್ತಿ ಈ ಕಡೆ, ಇಲ್ಲಂದ್ರ ಪೂರ್ತಿ ಆ ಕಡೆ, ಸೈಕಲ್ ಹೊಸದಾಗಿ ಕಲಿಯೋ ಹುಡುಗನ ಹ್ಯಾಂಡಲ್ ಇದ್ದಂಗ. ಅದಕ್ಕೂ ಹಿಂದಿನ ಸಾದಾ ಪೇವ್‌ವೇನ ವಿಯೆಟ್ನಾಂದಾಗ 1965ರಿಂದ ನೂರಾರು ಸಲ ಹೊಡದ್ರೂ ಬೀಳದ ಥಾನ್ ಹೋವಾ ಸೇತುವಿ 1972ರ ಮೇದಾಗ ಕೆಡವಿತು.

1991ರ ಕೊಲ್ಲಿ ಯುದ್ಧದಾಗ ಬ್ರಿಟನ್‌ದು ಇನ್ನೊಂದು ಫಜೀತಿ. ಟೊರ್ನಾಡೋಕ್ಕ ಲೇಸರ್ ಬಾಂಬ್ ಇದ್ದವು, ಲೇಸರ್ ಬಿಡೋ ಪಾಡ್ ಸಾಕಷ್ಟು ಇರಲಿಲ್ಲ. ಕಡೀಕ ಬಕನೀರ್ ಅನ್ನೋ 1960ರ ದಶಕದ ಮುದುಕ ವಿಮಾನ ತಂದು, ಅದು ಗುರಿ ತೋರಸೂದು, ಟೊರ್ನಾಡೋ ಒಗಿಯೂದು. ಅದರ ಪಾಡ್ ಹಗಲಿಗಷ್ಟ ಕೆಲಸ ಮಾಡ್ತಿತ್ತು.

ಜಿಪಿಎಸ್‌ಗೆ ಮೋಡದ ಕಾಟ ಇಲ್ಲ. ಆದ್ರ ಸಿಗ್ನಲ್ ಬರೂದು 20,200 ಕಿಲೋಮೀಟರ್ ಮ್ಯಾಲಿಂದ, ನೆಲ ಮುಟ್ಟೂದ್ರಾಗ ಜಾತ್ರಿಯಾಗ ಪಿಸುಮಾತು ಆಗಿರ್ತದ. ಬಾಜೂಕ ಒಬ್ಬ ಸಿಗ್ನಲ್ ಕೆಡಸೋ ಸಣ್ಣ ಜ್ಯಾಮರ್ ಇಟ್ಟು ಒದರಿದ್ರ ಮುಗೀತು. ಜಿಪಿಎಸ್ ಹೋದ್ರ ಜೆಡ್ಯಾಮ್ ತನ್ನ ಚಲನಿ ತಾನ ಅಳಿಯೋ ಗೈರೋ ಯಂತ್ರ ನಂಬಿ ಹೋಗ್ತದ, ಆಗ 30 ಮೀಟರ್ ಆಚೀಚೆ ಅಂತಾರ, 30 ಮೀಟರ್ ಅಂದ್ರ ಸೇತುವಿ ಬಿಟ್ಟು ನೀರಾಗ. ಉಕ್ರೇನ್‌ಕ್ಕ 2023ರಾಗ ಕೊಟ್ಟ ರೆಕ್ಕಿ ಜೆಡ್ಯಾಮ್‌ಗೆ ರಷ್ಯಾದ ಜ್ಯಾಮಿಂಗ್ ಹಂಗ ಕಾಡೇದ. ಇಸ್ರೇಲಿನ ಸ್ಪೈಸ್ ಅದಕ್ಕ ಬ್ಯಾರೆ ದಾರಿ ಹಿಡೀತು, ಗುರಿಯ ಫೋಟೋ ಮೊದಲ ತುಂಬಿಸಿರ್ತಾರ, ಮೂತಿಯ ಕ್ಯಾಮೆರಾ ಕೆಳಗ ಕಾಣೋದಕ್ಕ ಆ ಫೋಟೋ ತಾಳಿ ನೋಡಕೋತ ಇಳೀತದ. 2019ರ ಫೆಬ್ರುವರಿ 26ಕ್ಕ ಬಾಲಾಕೋಟ್‌ದಾಗ ನಮ್ಮ ಮಿರಾಜ್ ವಿಮಾನ ಒಗದದ್ದು ಅದ. ಹಂಗಾದ್ರ ಯಾವ ಒಂದನ್ನ ನಂಬಿ ಲಾಖಗಟ್ಟಲೆ ಕೊಳ್ತೀರಿ ಹೇಳ್ರಿ?

ಇನ್ನ ಎರಡು ಘಟನಾ, ಇವನ್ನ ನಾ ಕ್ಲಾಸಿನ್ಯಾಗೂ ಹೇಳ್ತಿರ್ತೀನಿ, ಹುಡುಗ್ರು ಎಕ್ಯುರಸಿ ಬಗ್ಗೆ ಬರೀ ಡೆಫಿನಿಶನ್ ಬಾಯಿಪಾಠ ಮಾಡಿರ್ತಾವ. 1999ರ ಮೇ 7, ಯುಗೊಸ್ಲಾವಿಯಾದ ರಾಜಧಾನಿ ಬೆಲ್‌ಗ್ರೇಡ್. ಅಮೆರಿಕಾದ ಬಿ-2 ವಿಮಾನ ಐದು ಜೆಡ್ಯಾಮ್ ಒಗೀತು, ಹೇಳಿದ ಜಾಗಾಕ್ಕ ಬಿದ್ದವು. ಹೇಳಿದ ಜಾಗಾ ಚೀನಾದ ರಾಯಭಾರ ಕಚೇರಿ ಆಗಿತ್ತು, ಮೂರು ಮಂದಿ ಪತ್ರಕರ್ತರು ಸತ್ರು. ಹೊಡೀಬೇಕಾಗಿದ್ದು ಬ್ಯಾರೆ ಸರ್ಕಾರಿ ಕಚೇರಿ. ಬಾಂಬಿಂದೇನೂ ತಪ್ಪಿಲ್ಲ.

ಎರಡನೇದು 2001ರ ಡಿಸೆಂಬರ್ 5, ಕಂದಹಾರ್ ಹತ್ರ. ನೆಲದ ಮ್ಯಾಲಿದ್ದ ಅಮೆರಿಕಾದ ಸೈನಿಕ ಜಿಪಿಎಸ್ ಯಂತ್ರದಿಂದ ಶತ್ರುವಿನ ಜಾಗಾದ ಅಂಕಿ ತಗದಿಟ್ಟಿದ್ದ, ನಡುವ ಬ್ಯಾಟರಿ ಮುಗೀತು, ಹೊಸಾ ಬ್ಯಾಟರಿ ಹಾಕಿದ. ಆ ಯಂತ್ರ ಬ್ಯಾಟರಿ ಬದಲಿಸಿದ ಮ್ಯಾಲ ಶುರುವಾದ್ರ ತಾನು ಇದ್ದ ಜಾಗಾದ ಅಂಕಿನ ತೋರಸ್ತದ. ಅದ ಅಂಕಿ ಮ್ಯಾಲಿನ ವಿಮಾನಕ್ಕ ಹೇಳಿಬಿಟ್ರು. 2000 ಪೌಂಡಿನ ಬಾಂಬ್ ತಮ್ಮವ್ರ ಮ್ಯಾಲ ಬಿತ್ತು, ಮೂರು ಮಂದಿ ಅಮೆರಿಕಾದ ಸೈನಿಕರು, ಜೊತಿಗಿದ್ದ ಆಫ್ಘನ್ನರೂ ಸತ್ರು. ಮುಂದ ಅಧ್ಯಕ್ಷ ಆದ ಹಮೀದ್ ಕರ್ಜಾಯಿ ಅಲ್ಲೇ ಇದ್ರು, ಗಾಯ ಆತು. ಮೈತ್ರಿಕೂಟ ಅಂತ ಕೂಡಿ ಕಾದಾಡೂಮುಂದ ಒಂದ ಬಾಂಬ್ ಇರೂದಕ್ಕಿಂತ ಒಂದ ರೀತಿ ಅಂಕಿ ಓದಿ ಹೇಳೋ ಪದ್ಧತಿ ಇರೂದು ಜರೂರ ಅಂತ ನನ್ನ ಅಭಿಪ್ರಾಯ. ಮ್ಯಾಲ ಸಾಂಬ್ರಾ ಸರ್ ಹೇಳಿದ ಟಾರ್ಚಿನ ಕಥಿ ಓದಿ ನನಗ ಇದ ನೆನಪಾತು.

ಕೃಷ್ಣಾತೀರ_ರೈತ, ಜಮಖಂಡಿ

ಅಬ್ಬಾ ಅಕ್ಕಾರ, ಬ್ಯಾಟರಿ ಕಥಿ ಓದಿ ಎದಿ ಝಲ್ ಅಂತು. ನಮ್ಮ ಹೊಲದಾಗ ಲೇಸರ್ ಲೆವೆಲರ್ ಬಾಡಿಗಿ ತಂದಾಗ ಹಿಂಗ ಆಗಿತ್ತು, ಸ್ಟ್ಯಾಂಡ್‌ಗೆ ಎತ್ತು ತಾಗಿ ಒಂದೀಟು ವಾಲಿತ್ತು, ಯಾರೂ ನೋಡ್ಲಿಲ್ಲ, ಒಂದು ಎಕರೆ ಪೂರಾ ಸೊಟ್ಟ ಕೆತ್ತಿ ಹ್ವಾದ. ಯಂತ್ರ ಕೇಳಿದ್ರ ಲೆವೆಲ್ ಓಕೆ ಅಂತಿತ್ತು. ನೀರು ಬಿಟ್ಟಾಗ ಗೊತ್ತಾತು.

ಗುಮ್ಮಟನಗರಿ_ಹುಡುಗ, ವಿಜಯಪುರ

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ. ಆದ್ರ ಸಾಂಬ್ರಾ ಕಾಕಾರ, ನನ್ನ ಮೂಲ ಪ್ರಶ್ನಿ ಇನ್ನೂ ಅಲ್ಲೇ ಅದ. ನಮ್ಮದು ಖಿಚಡಿ ಹೌದೋ ಅಲ್ಲೋ? ಒಂದ ಮಾತಿನ್ಯಾಗ ಹೇಳ್ರಿ, ದೋಸ್ತ ಇವತ್ತ ಸಂಜಿಕ ಮತ್ತ ಸಿಗ್ತಾನ.

ಸಾಂಬ್ರಾ_ಮಾಜಿ, ಬೆಳಗಾವಿ

ಒಂದ ಮಾತಿನ್ಯಾಗ ಹೇಳಾಕ ಬರಂಗಿಲ್ಲ ತಮ್ಮಾ, ಖಿಚಡಿ ಹೌದು, ಆದ್ರ ಹಾಳಾದ ಖಿಚಡಿ ಅಲ್ಲ.

ಕಾರ್ಗಿಲ್ ನೋಡು. 1999ರ ಜೂನ್ 24, ಟೈಗರ್ ಹಿಲ್. ವಿಮಾನ ಫ್ರಾನ್ಸಿನ ಮಿರಾಜ್, ಗುರಿ ತೋರಸೂ ಲೈಟ್ನಿಂಗ್ ಪಾಡ್ ಇಸ್ರೇಲಿಂದು, ಮೂತಿಯ ಪೇವ್‌ವೇ ಕಿಟ್ ಅಮೆರಿಕಾ ಮೂಲದ್ದು, ಕೆಳಗ ಸಾದಾ 1000 ಪೌಂಡಿನ ಬಾಂಬ್. ಪಾಡ್ ಮತ್ತ ಕಿಟ್ ಎರಡನ್ನೂ ಯುದ್ಧದ ನಡುವ ಅವಸರ ಅವಸರದಾಗ ಮಿರಾಜ್‌ಗೆ ಕೂಡಿಸಿದ್ರು. ಹೀಟ್ ನಂಬರ್ ತಪ್ಪಿದ್ರ 40 ಪೀಸ್ ವಾಪಸ್ ಕಳಿಸೂ ಗಿರಾಕಿ ಆ ಕಾಲಕ್ಕ ಇದ್ದಿದ್ರ ಆಗ್ತಿದ್ದಿಲ್ಲ 😄 ಅಂದ್ರ ಖಿಚಡಿ ಮಾಡೂ ಕೈ ನಮ್ಮದ ಆಗಿದ್ರ ಅದು ಶಕ್ತಿ. ಉಕ್ರೇನಿನವ್ರೂ ಹಂಗ ಮಾಡ್ಯಾರ, ಸೋವಿಯತ್ ಕಾಲದ ಮಿಗ್-29ಕ್ಕ ಅಮೆರಿಕಾದ ಜೆಡ್ಯಾಮ್, ಫ್ರಾನ್ಸಿನ ಹ್ಯಾಮರ್ ಎರಡೂ ತೂಗಹಾಕಿದ್ರು. ವಿಮಾನಕ್ಕ ಆ ಬಾಂಬಿನ ಜೋಡಿ ಮಾತಾಡಾಕ ಬರಂಗಿಲ್ಲ, ಬಾಂಬ್ ತೂಗಹಾಕೂ ಪೈಲಾನ್ ಬ್ಯಾರೆ ಮಾಡಿ, ಕಾಕ್‌ಪಿಟ್‌ನ್ಯಾಗ ಟ್ಯಾಬ್ಲೆಟ್ ಇಟ್ಕೊಂಡು ಕೆಲಸ ತಗದ್ರು. ಚಂದ ಕಾಣಂಗಿಲ್ಲ, ಆದ್ರ ನಡೀತೈತಿ.

ಕೈ ಬ್ಯಾರೆದೋರದಾದ್ರ ಏನಾಗ್ತೈತಿ ಅಂತ ಬ್ರಿಟನ್‌ನ ಕೇಳು. ಅವರ ಎಫ್-35ಕ್ಕ ತಮ್ಮದ ಪೇವ್‌ವೇ-4 ಕೂಡೈತಿ, ಆದ್ರ ತಮ್ಮದ ಸ್ಪಿಯರ್-3 ಕ್ಷಿಪಣಿ ಕೂಡಸಾಕ ಅಮೆರಿಕಾದ ಸಾಫ್ಟ್‌ವೇರ್ ಅಪ್ಡೇಟ್ ಪಾಳೇದಾಗ ನಿಂತು ಕುಂತಾರ, ವರ್ಷ ಮ್ಯಾಲ ವರ್ಷ. ಅದ ಎಫ್-35ಕ್ಕ ಇಸ್ರೇಲಿನವ್ರು ತಮ್ಮ ಸಾಮಾನ ತಾವ ಕೂಡಸ್ಕೋತೀವಿ ಅಂತ ಹಟಾ ಹಿಡಿದು ಹಕ್ಕು ತಗೊಂಡ್ರು. ಟರ್ಕಿಯವ್ರು ರಷ್ಯಾದ ಎಸ್-400 ವಿಮಾನ ಹೊಡಿಯೂ ಕ್ಷಿಪಣಿ ತಗೊಂಡದ್ದಕ್ಕ 2019ರಾಗ ಆ ವಿಮಾನದ ಪಾಳೇದಿಂದನ ಹೊರಗ ಹಾಕಿದ್ರು, ಅವ್ರೂ ನೇಟೋದವ್ರ.

ಹಂಗಂತ ನಿಮ್ಮ ದೋಸ್ತ ಪೂರ್ತಿ ಸುಳ್ಳಂತ ಹೇಳಬ್ಯಾಡ. ಖಿಚಡಿ ಬೆಲಿ ಯಾರು ಕೊಡ್ತಾರ ಗೊತ್ತೇನು, ನಮ್ಮಂಥ ನೆಲದ ಮಂದಿ. ಪ್ರತಿಯೊಂದು ನಮೂನಿಗೆ ಬ್ಯಾರೆ ಟೆಸ್ಟರ್ ಡಬ್ಬಿ, ಬ್ಯಾರೆ ಪಾನಾ, ಬ್ಯಾರೆ ಪುಸ್ತಕ, ಬ್ಯಾರೆ ಎಕ್ಸ್‌ಪೈರಿ ದಿನಾಂಕ. ಬಾಂಬಿನ ಕಬ್ಬಣ ವರ್ಷಾನುಗಟ್ಟಲೆ ಇರ್ತೈತಿ, ಒಳಗಿನ ಬ್ಯಾಟರಿ, ಸೀಕರ್ ಇರಂಗಿಲ್ಲ. ಹೊಸಾ ನಮೂನಿ ಬಂತು ಅಂದ್ರ ಮತ್ತ ಕೋರ್ಸ್, ಮತ್ತ ಪರೀಕ್ಷಾ. ಬಾಂಬ್ ಟ್ರಾಲಿ ರೆಕ್ಕಿ ಕೆಳಗ ನೂಕಿ, ವಿಂಚ್‌ಲೆ ಎತ್ತಿ, ಲಗ್ ಕೊಕ್ಕಿಗೆ ಟಕ್ ಅಂತ ಕೂತ ಸಪ್ಪಳಾ ಕಿವ್ಯಾಗ ಬರೂತನ ಯಾರೂ ಉಸಿರು ಬಿಡಂಗಿಲ್ಲ. ಆಮ್ಯಾಲ ಎರಡೂ ಬಾಜೂ ಬಾಂಬ್ ಅಲುಗಾಡಬಾರದಂತ ಬೋಲ್ಟ್ ಬಿಗೀಬೇಕು, ಸಡಲ ಆದ್ರೂ ತಪ್ಪು, ಹೆಚ್ಚಿಗಿ ಬಿಗದ್ರೂ ತಪ್ಪು. ವಿಮಾನದ ಮೈ ಬಿಸಲಾಗ ಹಂಚಿನಂಗ ಕಾದಿರ್ತೈತಿ, ಮಣಕೈ ತಾಗಿದ್ರ ಬೊಕ್ಕಿ. ಕಡೀಕ ಕೆಂಪು ಪಟ್ಟಿ ಹಚ್ಚಿದ ಪಿನ್ನು ಕಿತ್ತು, ಎಷ್ಟು ಕಿತ್ತೀವಿ ಅಂತ ಪೈಲಟ್‌ಗೆ ಕೈ ಎತ್ತಿ ತೋರಸೂದು. ವಿಮಾನ ಒಂದ ನಮೂನಿ ಆಗಿದ್ರ ಈ ಕೆಲಸ ಕಣ್ಣು ಮುಚ್ಚಿ ಆಗ್ತೈತಿ. ಸುಖೋಯ್‌ದು ಒಂದು ಲೆಕ್ಕ, ಮಿರಾಜ್‌ದು ಒಂದು, ಜಾಗ್ವಾರ್‌ದು ಇನ್ನೊಂದು. ಅದಕ್ಕ ನಾ ಅನ್ನೂದು, ಬಾಂಬ್ ನಾಕು ನಮೂನಿ ಇರ್ಲಿ, ವಿಮಾನ ಏಳು ನಮೂನಿ ಬ್ಯಾಡ.

ಈಗ ಹವಾ ಬದಲಾಗೇತಿ. ಬೆಂಗಳೂರಿನ ಡಿಆರ್‌ಡಿಒ ಲ್ಯಾಬ್ ಎಡಿಇದವ್ರ ಸುದರ್ಶನ್ ಲೇಸರ್ ಕಿಟ್ ಬಂದು ಎಷ್ಟೋ ವರ್ಷ ಆತು. 125 ಕೆಜಿಯ ಸಾ (SAAW) ಅಂತ ಒಂದು ಬಾಂಬ್ ಐತಿ, ಶತ್ರುವಿನ ರನ್‌ವೇ ಕೆಡಸೂದಕ್ಕ, 100 ಕಿಲೋಮೀಟರ್ ತೇಲಿಕೊಂಡು ಹೋಗ್ತೈತಿ. ಗೌರವ್ ಅನ್ನೂ 1000 ಕೆಜಿಯ ತೇಲೂ ಬಾಂಬನ್ನ 2025ರ ಏಪ್ರಿಲ್‌ದಾಗ ಸುಖೋಯ್‌ನಿಂದ ಒಗದು ನೋಡ್ಯಾರ. ಹ್ಯಾಮರ್ ಇಲ್ಲೇ ಮಾಡೂದಕ್ಕ ಫ್ರಾನ್ಸಿನ ಸಫ್ರಾನ್ ಕಂಪನಿ ಮತ್ತ ನಮ್ಮ ಸರ್ಕಾರಿ ಕಂಪನಿ ಬಿಇಎಲ್ 2025ರ ಫೆಬ್ರುವರಿಗೆ ಏರೋ ಇಂಡಿಯಾದಾಗ ಒಪ್ಪಂದ ಮಾಡ್ಕೊಂಡ್ರು. ಉದ್ಯಮಬಾಗ್ ತಮ್ಮಾ, ನಿನಗೂ ಬ್ರ್ಯಾಕೆಟ್ ಜಾಬ್ ಬರಬಹುದು, ಹೀಟ್ ನಂಬರ್ ಮಾತ್ರ ನೋಡಿ ಬರಿ.

ಉದ್ಯಮಬಾಗ್_ಸಿಎನ್‌ಸಿ, ಬೆಳಗಾವಿ

ಕಾಕಾರ ಗಾಯದ ಮ್ಯಾಲ ಉಪ್ಪು ಹಾಕಬ್ಯಾಡ್ರಿ 🙏 ಈಗ ನಾನೂ ಮೂರು ಮಂದಿ ಕಡೆ ಓದಸ್ತೀನಿ. ಟಾರ್ಚ್ ಒಂದ ಇಲ್ಲ.

ಗುಮ್ಮಟನಗರಿ_ಹುಡುಗ, ವಿಜಯಪುರ

ಕಾಕಾರ, ದೋಸ್ತಗ ಮೊಬೈಲ್ ಕೊಟ್ಟು ಪೂರಾ ಓದಿಸಿದೆ. ಚಾ ಆರಿ ಹೋತು. ಖಿಚಡಿ ಅನ್ನೋದು ಬಿಟ್ಟಾನ, ಈಗ ಹೊಸಾದು ಹಿಡದಾನ, ಹ್ಯಾಮರ್ ಇಲ್ಲೇ ಮಾಡಿದ್ರೂ ರಫೇಲ್‌ನ ಸಾಫ್ಟ್‌ವೇರ್ ಕೀಲಿ ಫ್ರಾನ್ಸಿನ ಕೈಯಾಗ ಅದಲ್ಲ, ಮತ್ತ ಏನ್ ಉಪಯೋಗ ಅಂತ. ಇದಕ್ಕ ಏನ್ ಹೇಳ್ಲಿ?

ಸಾಂಬ್ರಾ_ಮಾಜಿ, ಬೆಳಗಾವಿ

ನಿಮ್ಮ ದೋಸ್ತ ಶಾಣ್ಯಾ ಅದಾನ, ಸರಿಯಾದ ಜಾಗಾಕ್ಕ ಬಂದ. ಅದಕ್ಕ ತೇಜಸ್ ಕಡೆ ನೋಡು ಅನ್ನು, ಅದರ ಕೀಲಿ ನಮ್ಮ ಹತ್ರ ಐತಿ, ಅದಕ್ಕೂ ಹ್ಯಾಮರ್ ಕೂಡಸೂ ಮಾತು ನಡದೈತಿ. ಉಳಿದಿದ್ದು ನಾಳೆ, ಮೊಮ್ಮಗಳನ್ನ ಸಾಲಿಯಿಂದ ಕರಕೊಂಡು ಬರೂ ಹೊತ್ತಾತು.